ಮತಪತ್ರವೂ ಒಂದು ದಸ್ತಾವೇಜು: ಗುರುತು ಹಾಕುವ ಕ್ರಮ ಮತ್ತು ವಹಿಸಬೇಕಾದ ಎಚ್ಚರ

ವ್ಯವಹಾರಸ್ಥನಿಗೆ ದಸ್ತಾವೇಜಿನ ಬೆಲೆಯನ್ನು ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. ಸಹಿ ಹೊಂದದ ಚೆಕ್ಕು, ಅಂಕಿಯಲ್ಲಿ ಒಂದು ಮೊತ್ತವನ್ನೂ ಅಕ್ಷರದಲ್ಲಿ ಇನ್ನೊಂದು ಮೊತ್ತವನ್ನೂ ಬರೆದ ಚೆಕ್ಕು ಬ್ಯಾಂಕಿನಿಂದ ಹಿಂದಿರುಗಿ ಬರುತ್ತದೆ ಎಂಬುದು ಅಂಗಡಿಯ ಗುಮಾಸ್ತನಿಗೂ ಗೊತ್ತು. ಹಿಂದಿರುಗಿದ ಚೆಕ್ಕಿಗೆ ಬದಲಿ ಚೆಕ್ಕು ಕೊಟ್ಟು ಲೆಕ್ಕವನ್ನು ಸರಿಪಡಿಸಿಕೊಳ್ಳಬಹುದು. ಆದರೆ ಅಸಿಂಧುವಾದ ಮತಪತ್ರ ಹಿಂದಿರುಗಿ ಬರುವುದಿಲ್ಲ. ಅದು ತಿರಸ್ಕೃತವಾಯಿತೆಂಬ ಸುದ್ದಿಯೂ ಮತದಾರನಿಗೆ ತಲುಪುವುದಿಲ್ಲ. ಆತ ಬೆರಳಿನ ಶಾಯಿಯನ್ನು ನೋಡಿಕೊಂಡು, ಕರ್ತವ್ಯ ಮುಗಿಸಿದೆನೆಂಬ ಸಮಾಧಾನದಲ್ಲಿಯೇ ಇರುತ್ತಾನೆ. ಆದುದರಿಂದ ಮತಪತ್ರದ ವಿಷಯದಲ್ಲಿ ಎಚ್ಚರವೆಲ್ಲವೂ ಅದನ್ನು ಪೆಟ್ಟಿಗೆಗೆ ಹಾಕುವ ಮುನ್ನವೇ ಇರತಕ್ಕದ್ದು.

ಈ ಲೇಖನದ ಉದ್ದೇಶ ಯಾವ ಪಕ್ಷದ ಅಥವಾ ಅಭ್ಯರ್ಥಿಯ ಪರವಾದುದೂ ಅಲ್ಲ. ನಮ್ಮ ಭಾಗದ ವರ್ತಕರು, ಸಣ್ಣ ಕೈಗಾರಿಕೋದ್ಯಮಿಗಳು ಹಾಗೂ ಅವರ ಕುಟುಂಬದವರು ಚಲಾಯಿಸುವ ಪ್ರತಿಯೊಂದು ಮತವೂ ಎಣಿಕೆಯ ಮೇಜಿನಲ್ಲಿ ಸಿಂಧುವಾಗಿ ನಿಲ್ಲಬೇಕೆಂಬುದಷ್ಟೇ ಇದರ ಆಶಯ.

ಮತಪತ್ರ ಎಲ್ಲೆಲ್ಲಿ ಬಳಕೆಯಲ್ಲಿದೆ?

ಲೋಕಸಭೆ ಮತ್ತು ವಿಧಾನಸಭೆಯ ಚುನಾವಣೆಗಳಲ್ಲಿ ವಿದ್ಯುನ್ಮಾನ ಮತಯಂತ್ರ ಬಂದ ಮೇಲೆ ಅಸಿಂಧು ಮತದ ಚಿಂತೆ ಬಹುಮಟ್ಟಿಗೆ ತಪ್ಪಿದೆ. ಗುಂಡಿ ಒತ್ತಿದ ಮೇಲೆ ಪಕ್ಕದ ಯಂತ್ರದ ಗಾಜಿನ ಹಿಂದೆ 7 ಸೆಕೆಂಡುಗಳ ಕಾಲ ಚೀಟಿಯೊಂದು ಕಾಣಿಸಿ, ಮತ ಯಾರಿಗೆ ಹೋಯಿತೆಂಬುದನ್ನು ಖಚಿತಪಡಿಸುತ್ತದೆ. ಇದರಿಂದಾಗಿ ಕಾಗದದ ಮತಪತ್ರಕ್ಕೆ ಗುರುತು ಹಾಕುವ ವಿದ್ಯೆಯೇ ಜನರಿಗೆ ಮರೆತುಹೋಗುತ್ತಿದೆ. ಆದರೆ ಮತಪತ್ರ ಮರೆಯಾಗಿಲ್ಲ.

2020ರ ಡಿಸೆಂಬರಿನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯನ್ನು ನೆನಪಿಸಿಕೊಳ್ಳಬಹುದು. ಮಂಡ್ಯ ಜಿಲ್ಲೆಯಲ್ಲಿ ಅದು ಎರಡು ಹಂತಗಳಲ್ಲಿ ನಡೆಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಎರಡನೆಯ ಹಂತವಾಗಿ ಡಿಸೆಂಬರ್ 27ರಂದು ಮತದಾನವಾಗಿ, 30ರಂದು ಎಣಿಕೆ ನಡೆಯಿತು. ಆ ಚುನಾವಣೆಯಲ್ಲಿ ಬೀದರ್ ಜಿಲ್ಲೆಯಲ್ಲಿ ಮತಯಂತ್ರ ಬಳಕೆಯಾದರೆ, ನಮ್ಮ ನಾಲ್ಕೂ ತಾಲ್ಲೂಕುಗಳ ಮತದಾರರು ಮತಪತ್ರ ಮತ್ತು ಮೊಹರನ್ನೇ ಬಳಸಿದರು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಂದಿನ ಸ್ಥಳೀಯ ಸಂಸ್ಥೆಗಳ ಚುನಾವಣೆಗಳನ್ನು ಮತಪತ್ರದ ಮೂಲಕವೇ ನಡೆಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು.

ಎರಡನೆಯದು ವಿಧಾನ ಪರಿಷತ್ತು. 75 ಸದಸ್ಯಬಲದ ನಮ್ಮ ಪರಿಷತ್ತಿನಲ್ಲಿ 7 ಸ್ಥಾನಗಳು ಪದವೀಧರರಿಗೆ, 7 ಶಿಕ್ಷಕರಿಗೆ ಮತ್ತು 25 ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳಿಗೆ ಮೀಸಲು. ಮೈಸೂರು, ಮಂಡ್ಯ, ಹಾಸನ ಮತ್ತು ಚಾಮರಾಜನಗರ ಜಿಲ್ಲೆಗಳು ಸೇರಿ ದಕ್ಷಿಣ ಪದವೀಧರರ ಕ್ಷೇತ್ರವಾಗಿದೆ. ಬಿ.ಕಾಂ., ಬಿ.ಎ., ಬಿ.ಎಸ್ಸಿ., ಬಿ.ಇ. ಹೀಗೆ ಯಾವುದೇ ಪದವಿ ಪಡೆದು ಅಂಗಡಿ, ಗಿರಣಿ, ಕಾರ್ಖಾನೆ ನಡೆಸುತ್ತಿರುವ ನಮ್ಮ ಸದಸ್ಯರೆಲ್ಲರೂ ಈ ಕ್ಷೇತ್ರದ ಮತದಾರರಾಗಲು ಅರ್ಹರು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ರೈತರೊಂದಿಗೆ ವರ್ತಕರಿಗೂ ವರ್ತಕರೆಂಬ ಕಾರಣಕ್ಕೇ ಸ್ಥಾನವಿತ್ತು. ಇಂದಿನ ಸಂವಿಧಾನದಲ್ಲಿ ವರ್ತಕರಿಗೆಂದು ಪ್ರತ್ಯೇಕ ಕ್ಷೇತ್ರವಿಲ್ಲ. ಪದವೀಧರ ವರ್ತಕನ ಪಾಲಿಗೆ ಪದವೀಧರರ ಕ್ಷೇತ್ರವು ಹೆಚ್ಚುವರಿಯಾಗಿ ದೊರೆತ ಮತಾಧಿಕಾರ. ಅದನ್ನು ಕೈಚೆಲ್ಲುವುದು ತಕ್ಕುದಲ್ಲ.

ಆದರೆ ವಿಪರ್ಯಾಸವೆಂದರೆ, ವಿದ್ಯಾವಂತರೇ ಮತ ನೀಡುವ ಈ ಕ್ಷೇತ್ರದಲ್ಲಿಯೇ ಅಸಿಂಧು ಮತಗಳು ಹೇರಳ. 2022ರ ಜೂನ್ 13ರಂದು ಮತದಾನ ನಡೆದು, 15ರಂದು ಮೈಸೂರಿನಲ್ಲಿ ಎಣಿಕೆ ಆರಂಭವಾಗಿ, ಮಧು ಜಿ. ಮಾದೇಗೌಡ ಅವರು ಆಯ್ಕೆಯಾದ ಚುನಾವಣೆಯಲ್ಲಿ ತಿರಸ್ಕೃತ ಮತಗಳು ಸಾವಿರಗಳ ಲೆಕ್ಕದಲ್ಲಿದ್ದವು. ಪದವಿ ಪಡೆದವನಿಗೆ 1 ಎಂಬ ಅಂಕಿ ಬರೆಯಲು ಬರುವುದಿಲ್ಲವೆಂದು ಯಾರೂ ಹೇಳಲಾರರು. ತಪ್ಪು ಅಜ್ಞಾನದಿಂದಾಗುವುದಕ್ಕಿಂತ ಹೆಚ್ಚಾಗಿ ಅಭ್ಯಾಸದಿಂದಾಗುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಚೆಕ್ಕಿನ ಅಭ್ಯಾಸ, ಮತಪತ್ರದ ಕಟ್ಟಳೆ

ವ್ಯಾಪಾರದಲ್ಲಿ ಕಾಗದಕ್ಕೆ ಜೀವ ತುಂಬುವ ಕ್ರಮಗಳೇ ಮತಪತ್ರದ ಜೀವ ತೆಗೆಯುತ್ತವೆ. ಒಂದೊಂದಾಗಿ ನೋಡೋಣ.

1. ಚೆಕ್ಕಿಗೆ ಸಹಿಯೇ ಪ್ರಾಣ. ಮತಪತ್ರದಲ್ಲಿ ಮತದಾರನ ಸಹಿ, ಕಿರುಸಹಿ, ಹೆಸರು ಅಥವಾ ಹೆಬ್ಬೆಟ್ಟಿನ ಗುರುತು ಬಿದ್ದರೆ ಅದು ಅಸಿಂಧು. ಮತದಾರ ಯಾರೆಂದು ಗುರುತಿಸಲು ಸಾಧ್ಯವಾಗುವ ಯಾವ ಬರಹವೂ ಇರಕೂಡದು. ಗುಪ್ತ ಮತದಾನದ ಮೂಲತತ್ವವೇ ಇದು.

2. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುತ್ತೇವೆ. ಪರಿಷತ್ ಚುನಾವಣೆಯ ಮತಪತ್ರದಲ್ಲಿ ಅಂಕಿ ಮಾತ್ರವೇ ಇರಬೇಕು. ‘ಒಂದು’, ‘ಎರಡು’ ಎಂದು ಅಕ್ಷರದಲ್ಲಿ ಬರೆಯಕೂಡದು.

3. ಖಾತೆ ತಾಳೆ ನೋಡುವಾಗ ಸರಿ ಗುರುತು ಹಾಕುವುದು ನಮ್ಮ ಕೈಗೆ ರೂಢಿ. ಪರಿಷತ್ ಮತಪತ್ರದಲ್ಲಿ ಸರಿ ಗುರುತು ಅಥವಾ ಅಡ್ಡಗೆರೆಯ ಗುರುತಿಗೆ ಬೆಲೆಯಿಲ್ಲ.

4. ವ್ಯವಹಾರಸ್ಥನ ಜೇಬಿನಲ್ಲಿ ಪೆನ್ನು ಸದಾ ಇರುತ್ತದೆ. ಮತಗಟ್ಟೆಯಲ್ಲಿ ಅದನ್ನು ಹೊರತೆಗೆಯಬಾರದು. ಪರಿಷತ್ ಚುನಾವಣೆಯಲ್ಲಿ ಮತಪತ್ರದೊಂದಿಗೆ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನನ್ನೇ, ಪಂಚಾಯಿತಿ ಚುನಾವಣೆಯಲ್ಲಿ ಅಲ್ಲಿ ಕೊಡುವ ಮೊಹರನ್ನೇ ಬಳಸತಕ್ಕದ್ದು.

5. ತಪ್ಪು ಬರೆದಾಗ ಹೊಡೆದು ಹಾಕಿ, ತಿದ್ದಿ, ಪಕ್ಕದಲ್ಲಿ ಕಿರುಸಹಿ ಹಾಕುವುದು ಕಚೇರಿಯ ಪದ್ಧತಿ. ಮತಪತ್ರದಲ್ಲಿ ಇದು ಎರಡು ದೋಷಗಳನ್ನು ಒಟ್ಟಿಗೆ ತರುತ್ತದೆ. ತಿದ್ದುಪಡಿಯಿಂದ ಇಂಗಿತ ಸಂದೇಹಾಸ್ಪದವಾಗುತ್ತದೆ, ಕಿರುಸಹಿಯಿಂದ ಗುರುತು ಬಯಲಾಗುತ್ತದೆ.

ಮತಪತ್ರಕ್ಕೂ ಒಂದು ಸಹಿ ಬೇಕು, ಆದರೆ ಅದು ನಮ್ಮದಲ್ಲ. ಮತಪತ್ರವನ್ನು ಕೈಗೆ ತೆಗೆದುಕೊಂಡ ಕೂಡಲೇ ಹಿಂಬದಿಯಲ್ಲಿ ಮತಗಟ್ಟೆಯ ವಿಶಿಷ್ಟ ಮುದ್ರೆ ಮತ್ತು ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಸಹಿ ಇದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ. ಅಧಿಕಾರಿಯ ಲೋಪದಿಂದಲೇ ಅವು ಬಿಟ್ಟುಹೋಗಿವೆಯೆಂದು ಎಣಿಕೆಯ ವೇಳೆ ಮನವರಿಕೆಯಾದರೆ ಮತಪತ್ರವನ್ನು ಆ ಕಾರಣಕ್ಕಾಗಿಯೇ ತಿರಸ್ಕರಿಸುವಂತಿಲ್ಲ. ಆದರೂ ಆ ಸಂದೇಹಕ್ಕೆ ಎಡೆಗೊಡದಿರುವುದೇ ಜಾಣತನ.

ಮೊಹರಿನ ಮತಪತ್ರ: ಗ್ರಾಮ ಪಂಚಾಯಿತಿ ಚುನಾವಣೆ

ಗ್ರಾಮ ಪಂಚಾಯಿತಿಯು ವರ್ತಕನಿಗೆ ದೂರದ ಸಂಸ್ಥೆಯಲ್ಲ. ಕಟ್ಟಡದ ತೆರಿಗೆ, ವ್ಯಾಪಾರದ ಪರವಾನಗಿ, ಗ್ರಾಮದ ರಸ್ತೆ, ಚರಂಡಿ, ನೀರು, ದೀಪ ಇವೆಲ್ಲವೂ ಅದರ ವ್ಯಾಪ್ತಿಗೆ ಸೇರಿವೆ. ಪಾಂಡವಪುರದ ಕಡೆಯ ಆಲೆಮನೆಯವರಿಗಾಗಲಿ, ಹೆದ್ದಾರಿಯ ಬದಿಯಲ್ಲಿ ಹೋಟೆಲು ನಡೆಸುವವರಿಗಾಗಲಿ, ಹಳ್ಳಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡವರಿಗಾಗಲಿ ಈ ಚುನಾವಣೆಯ ಫಲಿತಾಂಶ ನೇರವಾಗಿ ತಟ್ಟುತ್ತದೆ.

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ ಮತದಾರ ಮತಪತ್ರದ ಮೇಲೆ ಗುರುತನ್ನೇ ಹಾಕುತ್ತಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆಯಿದ್ದು, ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯೊಳಗೆ ಚೀಟಿಯನ್ನು ಹಾಕಿ ಬರುತ್ತಿದ್ದನು. ಎಲ್ಲ ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಗಳನ್ನು ಒಂದೇ ಮತಪತ್ರದಲ್ಲಿ ಮುದ್ರಿಸಿ ಗುರುತು ಹಾಕಿಸುವ ಪದ್ಧತಿ 1962ರ ಮಹಾಚುನಾವಣೆಯ ವೇಳೆಗೆ ವ್ಯಾಪಕವಾಗಿ ಬಂದಿತು. ಇಂದಿಗೂ ಮೊಹರಿನ ಮತಪತ್ರದ ಕ್ರಮ ಅದೇ.

ಮೊಹರಿನಲ್ಲಿರುವ ಗುರುತು ಬಾಣದ ತುದಿಗಳುಳ್ಳ ಅಡ್ಡಗುರುತು. ಈ ಆಕಾರಕ್ಕೆ ಕಾರಣವಿದೆ. ಶಾಯಿ ಒಣಗುವ ಮುನ್ನ ಕಾಗದವನ್ನು ಮಡಿಸಿದರೆ ಗುರುತಿನ ಪಡಿಯಚ್ಚು ಎದುರು ಬದಿಯಲ್ಲಿ ಮೂಡುತ್ತದೆ. ಸಾಮಾನ್ಯ ಗುಣಾಕಾರದ ಗುರುತಾಗಿದ್ದರೆ ಮೂಲ ಯಾವುದು, ಪಡಿಯಚ್ಚು ಯಾವುದು ಎಂದು ಹೇಳಲಾಗದು. ಬಾಣದ ಗುರುತಾದರೆ ಪಡಿಯಚ್ಚಿನಲ್ಲಿ ತುದಿಗಳ ದಿಕ್ಕು ತಿರುಗುಮುರುಗಾಗಿ, ಎಣಿಸುವವರಿಗೆ ಮೂಲ ಗುರುತು ತಿಳಿದುಬಿಡುತ್ತದೆ. ಮತಪತ್ರವನ್ನು ಮೊದಲು ಉದ್ದುದ್ದವಾಗಿ, ಆಮೇಲೆ ಅಡ್ಡಡ್ಡವಾಗಿ ಮಡಿಸಬೇಕೆನ್ನುವುದೂ ಇದೇ ಉದ್ದೇಶದಿಂದ. ಹಾಗೆ ಮಡಿಸಿದಾಗ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಮನೆಗೆ ತಾಗುವ ಸಂಭವ ಕಡಿಮೆ.

ಈ ಮತಪತ್ರದಲ್ಲಿ ಗಮನಿಸಬೇಕಾದ ಅಂಶಗಳು:

ಅ) ಮೊಹರು ತಮ್ಮ ಆಯ್ಕೆಯ ಅಭ್ಯರ್ಥಿಯ ಹೆಸರು ಮತ್ತು ಚಿಹ್ನೆ ಇರುವ ಮನೆಯೊಳಗೆ ಪೂರ್ತಿಯಾಗಿ ಬೀಳಬೇಕು. ಇಬ್ಬರು ಅಭ್ಯರ್ಥಿಗಳ ನಡುವಣ ಗೆರೆಯ ಮೇಲೆ ಬಿದ್ದು, ಮತ ಯಾರಿಗೆಂಬುದು ತಿಳಿಯದಂತಾದರೆ ಅದು ಅಸಿಂಧು.

ಆ) ಗ್ರಾಮ ಪಂಚಾಯಿತಿಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯರೆಂಬುದು ಸಾಮಾನ್ಯ ಲೆಕ್ಕ. ಹೀಗಾಗಿ ದೊಡ್ಡ ಊರಿನ ಒಂದೇ ಕ್ಷೇತ್ರದಿಂದ ಇಬ್ಬರು, ಮೂವರು ಸದಸ್ಯರು ಆಯ್ಕೆಯಾಗುವುದುಂಟು. ಎಷ್ಟು ಸ್ಥಾನಗಳಿವೆಯೋ ಅಷ್ಟು ಮತಗಳು ಮತದಾರನಿಗಿರುತ್ತವೆ. ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಮತ. ಸ್ಥಾನಗಳಿಗಿಂತ ಹೆಚ್ಚು ಅಭ್ಯರ್ಥಿಗಳ ಮುಂದೆ ಮೊಹರು ಒತ್ತಿದರೆ ಒತ್ತಿದ ಮತಗಳೆಲ್ಲವೂ ನಷ್ಟ. ತಮ್ಮ ಕ್ಷೇತ್ರದಲ್ಲಿ ಎಷ್ಟು ಸ್ಥಾನಗಳಿವೆಯೆಂದು ಮನೆಯಿಂದ ಹೊರಡುವ ಮುನ್ನವೇ ತಿಳಿದಿರಬೇಕು.

ಇ) ಗುರುತು ಮಸುಕಾಗಿದೆ ಎಂಬ ಗಾಬರಿಯಿಂದ ಪೆನ್ನಿನಿಂದ ಅದರ ಮೇಲೆ ತೀಡಬಾರದು. ಗುರುತು ಅಸ್ಪಷ್ಟವೆಂಬ ಕಾರಣಕ್ಕಾಗಲಿ, ಒಬ್ಬನೇ ಅಭ್ಯರ್ಥಿಯ ಮನೆಯಲ್ಲಿ ಎರಡು ಸಲ ಬಿದ್ದಿದೆ ಎಂಬ ಕಾರಣಕ್ಕಾಗಲಿ, ಮತದಾರನ ಇಂಗಿತ ಸ್ಪಷ್ಟವಾಗಿದ್ದಲ್ಲಿ, ಮತಪತ್ರವನ್ನು ತಿರಸ್ಕರಿಸಲಾಗದು ಎಂಬುದು 1961ರ ಚುನಾವಣಾ ನಿಯಮಗಳ ತತ್ವ. ಮಸುಕಾದ ಮೊಹರು ಉಳಿಯುತ್ತದೆ, ಪೆನ್ನಿನ ಗುರುತು ಮುಳುಗಿಸುತ್ತದೆ.

ಈ) ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷಾತೀತವಾದುದು. ಪಕ್ಷದ ಚಿಹ್ನೆಗಳಿರುವುದಿಲ್ಲ. ಅಭ್ಯರ್ಥಿಗೆ ಹಂಚಿಕೆಯಾದ ಚಿಹ್ನೆಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಹೆಸರನ್ನೇ ನಂಬಿದರೆ ಏನಾಗಬಹುದೆಂಬುದಕ್ಕೆ ನಮ್ಮ ಜಿಲ್ಲೆಯೇ ನಿದರ್ಶನ. 2019ರ ಮಂಡ್ಯ ಲೋಕಸಭಾ ಚುನಾವಣೆಯಲ್ಲಿ 22 ಅಭ್ಯರ್ಥಿಗಳಿದ್ದು, ವಿಜೇತರಾದ ಸುಮಲತಾ ಅಂಬರೀಶ್ ಅವರಲ್ಲದೆ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಅದು ಮತಯಂತ್ರದ ಚುನಾವಣೆ. ಆದರೂ ಕ್ರಮಸಂಖ್ಯೆ, ಹೆಸರು, ಚಿಹ್ನೆ ಮೂರನ್ನೂ ತಾಳೆ ನೋಡಬೇಕೆಂಬ ಪಾಠ ಮತಪತ್ರಕ್ಕೂ ಅನ್ವಯಿಸುತ್ತದೆ.

ಅಂಕಿಯ ಮತಪತ್ರ: ಪದವೀಧರರ ಕ್ಷೇತ್ರ

ಪರಿಷತ್ ಚುನಾವಣೆಯಲ್ಲಿ ಮೊಹರಿಲ್ಲ, ಚಿಹ್ನೆಯೂ ಇಲ್ಲ. ಅಭ್ಯರ್ಥಿಗಳ ಹೆಸರಿನ ಎದುರು ಪ್ರಾಶಸ್ತ್ಯದ ಕ್ರಮವನ್ನು ಬರೆಯಲು ಖಾಲಿ ಅಂಕಣವಿರುತ್ತದೆ. ಮತದಾರ ತನಗೆ ಮೊದಲು ಬೇಕಾದವರ ಮುಂದೆ 1, ಅನಂತರದವರ ಮುಂದೆ 2, ಆ ಮೇಲೆ 3 ಎಂದು ಬರೆಯುತ್ತಾ ಹೋಗಬಹುದು. ಇದರ ನಿಯಮಗಳು ಸರಳ:

ಅ) 1 ಎಂಬ ಅಂಕಿ ಕಡ್ಡಾಯ. ಅದಿಲ್ಲದೆ 2, 3 ಎಂದು ಎಷ್ಟು ಬರೆದರೂ ಮತಪತ್ರ ಅಸಿಂಧು.

ಆ) 1 ಎಂಬ ಅಂಕಿ ಒಬ್ಬರ ಮುಂದೆ ಮಾತ್ರ ಇರಬೇಕು. ಇಬ್ಬರ ಮುಂದೆ ಬರೆದರೆ ಅಸಿಂಧು.

ಇ) ಒಬ್ಬರ ಮುಂದೆಯೇ 1 ಮತ್ತು 2 ಎಂದು ಎರಡು ಅಂಕಿಗಳನ್ನು ಬರೆದರೆ ಅಸಿಂಧು. ‘ಎಲ್ಲ ಪ್ರಾಶಸ್ತ್ಯವೂ ಇವರಿಗೇ’ ಎಂಬ ಅಭಿಮಾನದಿಂದ ಹೀಗೆ ಬರೆಯುವವರುಂಟು. ಆ ಅಭಿಮಾನ ಅಭ್ಯರ್ಥಿಗೇ ನಷ್ಟ ತರುತ್ತದೆ.

ಈ) 1 ಯಾರ ಮುಂದಿದೆ ಎಂದು ಸಂದೇಹ ಬರುವಂತೆ ಗೆರೆಯ ಮೇಲೆ ಬರೆದರೆ ಅಸಿಂಧು.

ಉ) 2ರಿಂದ ಮುಂದಿನ ಪ್ರಾಶಸ್ತ್ಯಗಳು ಐಚ್ಛಿಕ. ಬರೆಯದಿದ್ದರೂ ಮತ ಸಿಂಧುವೇ. ಆದರೆ ಬರೆದರೆ ಕ್ರಮ ತಪ್ಪಬಾರದು. 1 ಆದ ಮೇಲೆ 2 ಬಿಟ್ಟು 3 ಬರೆದರೆ, ಅಥವಾ ಇಬ್ಬರಿಗೆ 2 ಬರೆದರೆ, ಮೊದಲ ಪ್ರಾಶಸ್ತ್ಯ ಉಳಿಯುತ್ತದೆ. ಮುಂದಿನವು ಲೆಕ್ಕಕ್ಕೆ ಬರುವುದಿಲ್ಲ.

ಊ) ಅಂಕಿಗಳನ್ನು 1, 2, 3 ಎಂದಾಗಲಿ, ರೋಮನ್ ರೂಪದಲ್ಲಾಗಲಿ, ಕನ್ನಡದ ೧, ೨, ೩ ಎಂದಾಗಲಿ ಬರೆಯಬಹುದು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಗಳ ಅಂಕಿಗಳಿಗೆ ಮಾನ್ಯತೆಯಿದೆ. ಒಂದೇ ಮತಪತ್ರದಲ್ಲಿ ಒಂದೇ ಬಗೆಯ ಅಂಕಿಯನ್ನು ಬಿಡಿಯಾಗಿ, ದೊಡ್ಡದಾಗಿ ಬರೆಯುವುದು ಮೇಲು. ಕನ್ನಡದ ೧ ಸೊನ್ನೆಯಂತೆ ಕಾಣದಿರಲಿ.

ಋ) ‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆ ಇಲ್ಲಿಲ್ಲ. ರಾಜ್ಯಸಭೆಯ ಚುನಾವಣೆಗೆ ಸಂಬಂಧಿಸಿದಂತೆ 2018ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ಬಳಿಕ ಪರಿಷತ್ ಮತಪತ್ರದಿಂದಲೂ ಅದನ್ನು ಚುನಾವಣಾ ಆಯೋಗ ಕೈಬಿಟ್ಟಿದೆ.

ಎಣಿಕೆಯ ಲೆಕ್ಕ: ಒಂದು ಕಾಲ್ಪನಿಕ ಉದಾಹರಣೆ

ಎರಡನೆಯ, ಮೂರನೆಯ ಪ್ರಾಶಸ್ತ್ಯಗಳನ್ನು ಏಕೆ ಬರೆಯಬೇಕೆಂಬುದು ಲೆಕ್ಕ ನೋಡಿದರೆ ತಿಳಿಯುತ್ತದೆ. ಒಟ್ಟು 1,000 ಮತಗಳು ಚಲಾವಣೆಯಾಗಿ, ಅವುಗಳಲ್ಲಿ 60 ಅಸಿಂಧುವಾದುವೆಂದು ಇಟ್ಟುಕೊಳ್ಳೋಣ. ಉಳಿದ ಸಿಂಧು ಮತಗಳು 940. ಒಂದೇ ಸ್ಥಾನವಿರುವಾಗ ಸಿಂಧು ಮತಗಳನ್ನು 2ರಿಂದ ಭಾಗಿಸಿ 1 ಕೂಡಿಸಿದರೆ ಬರುವುದೇ ಗೆಲುವಿನ ಕೋಟಾ. ಇಲ್ಲಿ ಅದು 471.

ಮೊದಲ ಎಣಿಕೆ: ಕ 400, ಖ 330, ಗ 150, ಘ 60. ಯಾರಿಗೂ ಕೋಟಾ ಬಂದಿಲ್ಲ. ಎಲ್ಲರಿಗಿಂತ ಕಡಿಮೆ ಮತ ಪಡೆದ ಘ ಕಣದಿಂದ ಹೊರಗಾಗುತ್ತಾರೆ.

ಎರಡನೆಯ ಎಣಿಕೆ: ಘ ಅವರ 60 ಮತಪತ್ರಗಳಲ್ಲಿ 2 ಎಂಬ ಅಂಕಿ ಯಾರ ಮುಂದಿದೆಯೆಂದು ನೋಡಿ ಹಂಚಲಾಗುತ್ತದೆ. ಕ ಅವರಿಗೆ 10, ಖ ಅವರಿಗೆ 20, ಗ ಅವರಿಗೆ 15 ಸೇರಿದವು. ಉಳಿದ 15ರಲ್ಲಿ ಮುಂದಿನ ಪ್ರಾಶಸ್ತ್ಯವೇ ಇಲ್ಲವಾದ್ದರಿಂದ ಅವು ಅಲ್ಲಿಗೇ ನಿಂತವು. ಈಗ ಕ 410, ಖ 350, ಗ 165, ನಿಂತವು 15.

ಮೂರನೆಯ ಎಣಿಕೆ: ಗ ಹೊರಗಾದರು. ಅವರ 165ರಲ್ಲಿ ಕ ಅವರಿಗೆ 35, ಖ ಅವರಿಗೆ 90 ಸೇರಿ, 40 ನಿಂತವು. ಈಗ ಕ 445, ಖ 440, ನಿಂತವು ಒಟ್ಟು 55. ಮೂರೂ ಕೂಡಿದರೆ 940, ತಾಳೆ ಸರಿಯಾಯಿತು.

ಇಬ್ಬರಿಗೂ ಕೋಟಾ ಬರಲಿಲ್ಲ. ಆದರೆ ಖ ಹೊರಗಾದ ಮೇಲೆ ಕಣದಲ್ಲಿ ಉಳಿಯುವ ಏಕೈಕ ಅಭ್ಯರ್ಥಿ ಕ ಆದುದರಿಂದ ಅವರೇ ಆಯ್ಕೆಯಾದರೆಂದು ಘೋಷಣೆಯಾಗುತ್ತದೆ.

ಈ ಲೆಕ್ಕವನ್ನು ಲೆಕ್ಕಿಗನ ಕಣ್ಣಿನಿಂದ ಮತ್ತೊಮ್ಮೆ ನೋಡಬೇಕು. ಗೆಲುವಿನ ಅಂತರ 5 ಮತ. ಅಸಿಂಧುವಾದವು 60. ಪ್ರಾಶಸ್ತ್ಯ ಬರೆಯದೆ ನಡುದಾರಿಯಲ್ಲಿ ನಿಂತವು 55. ಅಂದರೆ ಫಲಿತಾಂಶವನ್ನು ನಿರ್ಧರಿಸಬಹುದಾಗಿದ್ದ 115 ಮತದಾರರು ಮತಗಟ್ಟೆಗೆ ಹೋಗಿ, ಸರದಿಯಲ್ಲಿ ನಿಂತು, ಶಾಯಿ ಹಾಕಿಸಿಕೊಂಡು ಬಂದರೂ ಕೊನೆಯ ತೀರ್ಮಾನದಲ್ಲಿ ಪಾಲುದಾರರಾಗಲಿಲ್ಲ. ಎರಡನೆಯ ಪ್ರಾಶಸ್ತ್ಯ ಕೊಟ್ಟರೆ ಮೊದಲ ಪ್ರಾಶಸ್ತ್ಯದ ಅಭ್ಯರ್ಥಿಗೆ ಹಾನಿಯಾಗುತ್ತದೆಂಬ ಭಾವನೆ ಹಲವರಲ್ಲಿದೆ. ಮೊದಲನೆಯವರು ಕಣದಲ್ಲಿರುವವರೆಗೆ ಎರಡನೆಯ ಅಂಕಿಯನ್ನು ಯಾರೂ ಎಣಿಸುವುದಿಲ್ಲವಾದ್ದರಿಂದ ಈ ಭಯ ನಿರಾಧಾರ.

ಇಷ್ಟು ಸಣ್ಣ ಅಂತರ ನಿಜ ಜೀವನದಲ್ಲಿ ಬರುವುದುಂಟೇ ಎಂದು ಕೇಳಬಹುದು. ನೆರೆಯ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ 2004ರಲ್ಲಿ ದಿವಂಗತ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದು, ಒಂದೇ ಮತದಿಂದ ಫಲಿತಾಂಶ ತೀರ್ಮಾನವಾಯಿತು. 2021ರ ಡಿಸೆಂಬರಿನಲ್ಲಿ ಚಿಕ್ಕಮಗಳೂರು ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಪರಿಷತ್ ಚುನಾವಣೆಯಲ್ಲಿ ಘೋಷಿತ ಅಂತರ 6 ಮತಗಳು. ಆ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಮತಗಟ್ಟೆಯೊಳಗೆ ತಪ್ಪಾದರೆ

ಬಹು ಮಂದಿಗೆ ತಿಳಿಯದ ಒಂದು ಅನುಕೂಲ ನಿಯಮಗಳಲ್ಲಿದೆ. ಪ್ರಮಾದವಶಾತ್ ಮತಪತ್ರ ಕೆಟ್ಟರೆ, ಅದನ್ನು ಪೆಟ್ಟಿಗೆಗೆ ಹಾಕುವ ಮುನ್ನ ಅಧ್ಯಕ್ಷಾಧಿಕಾರಿಗೆ ಹಿಂದಿರುಗಿಸಿ, ಅದು ಅಚಾತುರ್ಯದಿಂದಾದುದೆಂದು ಮನವರಿಕೆ ಮಾಡಿಕೊಟ್ಟರೆ ಬೇರೊಂದು ಮತಪತ್ರ ದೊರೆಯುತ್ತದೆ. ಹಳೆಯದನ್ನು ರದ್ದುಪಡಿಸಿ ಪ್ರತ್ಯೇಕವಾಗಿ ಇಡುತ್ತಾರೆ. ಸಂಕೋಚದಿಂದ ತಿದ್ದಿ ಹಾಕುವುದಕ್ಕಿಂತ ಧೈರ್ಯವಾಗಿ ಬದಲಿ ಕೇಳುವುದು ಉತ್ತಮ. ಪೆಟ್ಟಿಗೆಯೊಳಗೆ ಬಿದ್ದ ಮೇಲೆ ಈ ಅವಕಾಶ ಇಲ್ಲ.

ತಮ್ಮ ಹೆಸರಿನಲ್ಲಿ ಬೇರೆ ಯಾರೋ ಈಗಾಗಲೇ ಮತ ಹಾಕಿ ಹೋಗಿದ್ದರೆ ಜಗಳವಾಡಿ ಹಿಂದಿರುಗಬೇಕಾಗಿಲ್ಲ. ಗುರುತನ್ನು ರುಜುವಾತುಪಡಿಸಿ ‘ಟೆಂಡರ್ಡ್ ಮತ’ವನ್ನು ನೀಡುವ ಹಕ್ಕಿದೆ. ಅದು ಪೆಟ್ಟಿಗೆಗೆ ಬೀಳದೆ ಪ್ರತ್ಯೇಕ ಲಕೋಟೆಯಲ್ಲಿರುತ್ತದೆ.

ಗುರುತು ಹಾಕಿದ ಮತಪತ್ರವನ್ನು ಏಜೆಂಟರಿಗಾಗಲಿ ಸ್ನೇಹಿತರಿಗಾಗಲಿ ತೋರಿಸಕೂಡದು, ಮೊಬೈಲಿನಲ್ಲಿ ಚಿತ್ರ ತೆಗೆಯಕೂಡದು. ಎಚ್ಚರಿಕೆ ಕೊಟ್ಟರೂ ಮತದಾನದ ಕ್ರಮವನ್ನು ಪಾಲಿಸದಿದ್ದರೆ ಮತಪತ್ರವನ್ನು ಹಿಂಪಡೆದು ರದ್ದುಗೊಳಿಸುವ ಅಧಿಕಾರ ಅಧ್ಯಕ್ಷಾಧಿಕಾರಿಗಿದೆ. ಸಾಲಗಾರನಿಗೂ ಸರಬರಾಜುದಾರನಿಗೂ ಗಿರಾಕಿಗೂ ಏಕಕಾಲದಲ್ಲಿ ಬೇಕಾದವನಾಗಿರಬೇಕಾದ ವ್ಯಾಪಾರಿಗೆ ಈ ಗೋಪ್ಯತೆಯೇ ರಕ್ಷೆ.

ಪಟ್ಟಿಯಲ್ಲಿ ಹೆಸರಿಲ್ಲದೆ ಮತವಿಲ್ಲ

ಪದವೀಧರರ ಕ್ಷೇತ್ರದ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧವಾಗುತ್ತದೆ. 2022ರಲ್ಲಿ ಮತ ಹಾಕಿದವರ ಹೆಸರು ತಾನಾಗಿಯೇ ಮುಂದಿನ ಪಟ್ಟಿಗೆ ಬರುವುದಿಲ್ಲ. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೂ ಇಲ್ಲಿ ಸೇರುವುದಿಲ್ಲ. ನಮೂನೆ 18ರಲ್ಲಿ ಅರ್ಜಿ ಸಲ್ಲಿಸಿ, ಪದವಿಯ ದಾಖಲೆಯ ಪ್ರತಿಯನ್ನು ಲಗತ್ತಿಸಬೇಕು. ಪರಿಷತ್ ಸದಸ್ಯರ ಅವಧಿ 6 ವರ್ಷವಾದ್ದರಿಂದ ಮುಂದಿನ ಸಾಮಾನ್ಯ ಚುನಾವಣೆ 2028ರಲ್ಲಿ ಬರತಕ್ಕದ್ದು. ಅರ್ಹತಾ ದಿನಾಂಕ ನವೆಂಬರ್ 1. ಆ ದಿನಾಂಕಕ್ಕೆ ಪದವಿ ಪಡೆದು ಕನಿಷ್ಠ 3 ವರ್ಷಗಳಾಗಿರಬೇಕು. ಅಂದರೆ 2028ರ ಚುನಾವಣೆಗೆ 2027ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿಯೇ ಜಾಗೃತರಾಗಿರಬೇಕು. ಮನೆಯಲ್ಲಿ ಪದವೀಧರರಾದ ಹೆಣ್ಣುಮಕ್ಕಳು, ಸೊಸೆಯಂದಿರ ಹೆಸರುಗಳನ್ನೂ ಮರೆಯದೆ ಸೇರಿಸತಕ್ಕದ್ದು.

ಇನ್ನೊಂದು ಪ್ರಶ್ನೆ ನಮ್ಮವರು ಆಗಾಗ ಕೇಳುವುದುಂಟು: ಮೈಸೂರಿನಲ್ಲಿ ಮನೆ, ಶ್ರೀರಂಗಪಟ್ಟಣದ ಬಳಿಯ ಹಳ್ಳಿಯಲ್ಲಿ ಗಿರಣಿ ಇದ್ದರೆ ಮತ ಎಲ್ಲಿ? ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಎಂಬುದೇ ಉತ್ತರ. ಒಂದು ಊರಿನಲ್ಲಿ ವಾಸದ ಮನೆಯ ಒಡೆತನವೋ ಸ್ವಾಧೀನವೋ ಇದೆಯೆಂಬ ಮಾತ್ರಕ್ಕೆ ಅಲ್ಲಿನ ಸಾಮಾನ್ಯ ನಿವಾಸಿಯೆಂದು ಭಾವಿಸುವಂತಿಲ್ಲವೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 20ನೆಯ ಪ್ರಕರಣ ಹೇಳುತ್ತದೆ. ತೆರಿಗೆ ಕಟ್ಟುವ ಸ್ಥಳವೇ ಮತದ ಸ್ಥಳವೆಂದು ತಿಳಿಯಬಾರದು.

ಮಾಲೀಕರ ಹೊಣೆ

ಸ್ವಂತ ಮತದಷ್ಟೇ ನೌಕರರ ಮತವೂ ಮುಖ್ಯ. ಲೋಕಸಭೆ ಮತ್ತು ವಿಧಾನಸಭೆಯ ಮತದಾನದ ದಿನ ಮತದಾರನಾದ ನೌಕರನಿಗೆ ವೇತನಸಹಿತ ರಜೆ ಕೊಡಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 135ಬಿ ಪ್ರಕರಣ ವಿಧಿಸಿದೆ. ದಿನಗೂಲಿಯವರಿಗೂ ಅಂದಿನ ಕೂಲಿಯನ್ನು ಕಡಿತ ಮಾಡುವಂತಿಲ್ಲ. ಉಲ್ಲಂಘಿಸಿದ ಮಾಲೀಕನಿಗೆ 500 ರೂಪಾಯಿವರೆಗೆ ದಂಡ. ನೌಕರನ ಗೈರುಹಾಜರಿಯಿಂದ ಅಪಾಯ ಅಥವಾ ಗಣನೀಯ ನಷ್ಟವಾಗುವ ಕೆಲಸಗಳಿಗೆ ಮಾತ್ರ ವಿನಾಯಿತಿಯಿದೆ. ಪಂಚಾಯಿತಿ ಮತ್ತು ಪರಿಷತ್ ಚುನಾವಣೆಗಳನ್ನು ಈ ಪ್ರಕರಣ ಹೆಸರಿಸುವುದಿಲ್ಲ. ಅವುಗಳಿಗೆ ಆಯಾ ಸಂದರ್ಭದ ಸರ್ಕಾರಿ ಆದೇಶವನ್ನು ನೋಡಿಕೊಳ್ಳಬೇಕು. ಆದೇಶ ಇರಲಿ ಬಿಡಲಿ, ಎರಡು ಗಂಟೆಯ ಬಿಡುವು ಕೊಡುವುದರಿಂದ ಯಾವ ಉದ್ಯಮವೂ ಮುಳುಗಲಾರದು.

ಮಂಡಳಿ, ಸಹಕಾರ ಸಂಘ, ಸೌಹಾರ್ದ ಸಂಸ್ಥೆ ಇವುಗಳ ಆಡಳಿತ ಮಂಡಳಿಗಳ ಚುನಾವಣೆಗೂ ಮೇಲಿನ ತತ್ವಗಳೇ ಆಧಾರ. ಆದರೆ ಗುರುತಿನ ಬಗೆ ಆಯಾ ಸಂಸ್ಥೆಯ ನಿಯಮಾವಳಿಯಂತೆ ಬದಲಾಗುತ್ತದೆ. ಒಂದೆಡೆ ಸರಿಯಾದ ಗುರುತು ಇನ್ನೊಂದೆಡೆ ತಪ್ಪಾಗಬಹುದಾದುದರಿಂದ ಮತಪತ್ರದ ಮೇಲಿನ ಅಥವಾ ಗೋಡೆಯ ಮೇಲಿನ ಸೂಚನೆಯನ್ನು ಓದಿಯೇ ಕೈಯಿಡಬೇಕು.

ನೆನಪಿಡಬೇಕಾದ ಅಂಶಗಳು

1. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮುಂಚಿತವಾಗಿ ಪರಿಶೀಲಿಸುವುದು, ಗುರುತಿನ ದಾಖಲೆ ಒಯ್ಯುವುದು.
2. ಮತಪತ್ರದ ಹಿಂಬದಿಯ ಮುದ್ರೆ ಮತ್ತು ಅಧಿಕಾರಿಯ ಸಹಿಯನ್ನು ನೋಡುವುದು.
3. ಕೊಟ್ಟ ಮೊಹರು ಅಥವಾ ಕೊಟ್ಟ ಪೆನ್ನನ್ನೇ ಬಳಸುವುದು.
4. ಮೊಹರಾದರೆ ಮನೆಯೊಳಗೆ, ಸ್ಥಾನಗಳ ಸಂಖ್ಯೆಯನ್ನು ಮೀರದಂತೆ. ಅಂಕಿಯಾದರೆ 1 ಒಬ್ಬರಿಗೆ ಮಾತ್ರ, ಮುಂದಿನವು ಕ್ರಮವಾಗಿ.
5. ಸಹಿ, ಹೆಸರು, ಅಕ್ಷರ, ತಿದ್ದುಪಡಿ ಯಾವುದೂ ಇಲ್ಲದಿರುವುದು.
6. ಶಾಯಿ ಒಣಗಿದ ಮೇಲೆ ಉದ್ದುದ್ದ, ಅಡ್ಡಡ್ಡ ಮಡಿಸಿ ತಾವೇ ಪೆಟ್ಟಿಗೆಗೆ ಹಾಕುವುದು.
7. ತಪ್ಪಾದರೆ ಪೆಟ್ಟಿಗೆಗೆ ಹಾಕುವ ಮುನ್ನ ಬದಲಿ ಮತಪತ್ರ ಕೇಳುವುದು.

1962ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುತ್ತಿರುವ ಅಳಿಸಲಾಗದ ಶಾಯಿ ನಮ್ಮ ಪಕ್ಕದ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಆ ಶಾಯಿ ಮತ ಹಾಕಿದ್ದಕ್ಕೆ ರಸೀತಿ ಇದ್ದಂತೆ. ಆದರೆ ರಸೀತಿ ಕೈಯಲ್ಲಿದ್ದ ಮಾತ್ರಕ್ಕೆ ಲೆಕ್ಕಕ್ಕೆ ಜಮಾ ಆಯಿತೆಂದು ಯಾವ ವರ್ತಕನೂ ನಂಬುವುದಿಲ್ಲ. ಮತವು ಜಮಾ ಆಗಬೇಕಾದರೆ ಮತಪತ್ರ ಸಿಂಧುವಾಗಿರಬೇಕು. ಸದಸ್ಯರು ಈ ಲೇಖನದ ಕೊನೆಯ ಏಳು ಅಂಶಗಳನ್ನು ತಮ್ಮ ಮನೆಯವರಿಗೂ ಅಂಗಡಿ, ಕಾರ್ಖಾನೆಯ ನೌಕರರಿಗೂ ಮತದಾನಕ್ಕೆ ಮುನ್ನ ಒಮ್ಮೆ ಓದಿ ಹೇಳಬೇಕೆಂದು ಕೋರುತ್ತೇನೆ.